‘ಫೈರ್ ಇನ್ ದ ಬೆಲ್ಲಿ’ ಇಲ್ಲ ಅಂದರು, ನಾನು ಥ್ಯಾಂಕ್ಯೂ ಹೇಳಿ ಬಂದೆ

ದಾವಣಗೆರೆ_ಬೆಣ್ಣೆ (ಸೋಮವಾರ ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಇಂಗ್ಲಿಷ್ ಓದುತ್ತೇನೆ, ಬರೆಯುತ್ತೇನೆ, ಮೇಲ್ ಹಾಕುತ್ತೇನೆ. ಎಡವುವುದು ಈ ನುಡಿಗಟ್ಟುಗಳ ಹತ್ತಿರ ಮಾತ್ರ.

ಕಳೆದ ವಾರ ಮ್ಯಾನೇಜರ್ ನನ್ನೊಬ್ಬನನ್ನೇ ಕೂರಿಸಿಕೊಂಡು ಮಾತಾಡಿದರು. ಕೆಲಸ ಚೆನ್ನಾಗಿದೆ ಅಂದರು. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ‘ಬಟ್ ಐ ಡೋಂಟ್ ಸೀ ದ ಫೈರ್ ಇನ್ ದ ಬೆಲ್ಲಿ’ ಅಂದರು. ನನ್ನ ತಲೆಯೊಳಗೆ ಅದು ತಕ್ಷಣ ಕನ್ನಡವಾಯಿತು. ಹೊಟ್ಟೆಯಲ್ಲಿ ಬೆಂಕಿ. ಅಂದರೆ ಹೊಟ್ಟೆಕಿಚ್ಚು. ಅದು ನನ್ನಲ್ಲಿ ಕಾಣಿಸುತ್ತಿಲ್ಲ ಅಂತಿದ್ದಾರೆ! ಕೈ ಮುಗಿಯುವುದೊಂದು ಬಾಕಿ ನಾನು. ‘ಥ್ಯಾಂಕ್ಯೂ ಸರ್, ಫ್ರಂ ಚೈಲ್ಡ್‌ಹುಡ್ ಐ ಆಮ್ ಲೈಕ್ ದಟ್ ಓನ್ಲಿ’ ಅಂದೆ. ಅವರು ಎರಡು ಸೆಕೆಂಡ್ ನನ್ನ ಮುಖ ನೋಡಿದರು. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಏನೋ ಟೈಪ್ ಮಾಡಿದರು.

ಮನೆಗೆ ಬಂದು ನೋಡಿದರೆ ಅದರ ಅರ್ಥ ಛಲ, ಏನಾದರೂ ಸಾಧಿಸಲೇಬೇಕು ಅನ್ನುವ ಹಟ. ಅದಿಲ್ಲ ಅಂದಾಗ ನಾನು ಥ್ಯಾಂಕ್ಸ್ ಹೇಳಿ ಬಂದಿದ್ದೇನೆ.

ಇಂಥವನ್ನೆಲ್ಲ ನೀವು ಹೇಗೆ ಕಲಿತಿರಿ? ಪಟ್ಟಿ ಇದ್ದರೆ ಕೊಡಿ. ಅರ್ಥ ಅಷ್ಟೇ ಸಾಲದು, ನಮ್ಮಲ್ಲಿ ಅದಕ್ಕೆ ಏನು ಹೇಳುತ್ತಾರೆ ಅನ್ನುವುದನ್ನೂ ಬರೆದರೆ ತಲೆಯಲ್ಲಿ ಕೂರುತ್ತದೆ.

ರಾಗಿಮುದ್ದೆ

ಗುರು, ನಗಬಾರದು ಅಂತ ಎಷ್ಟು ತಡೆದುಕೊಂಡರೂ ಆಗಲಿಲ್ಲ. ‘ಫ್ರಂ ಚೈಲ್ಡ್‌ಹುಡ್’ ಹತ್ತಿರ ಬಂದಾಗ ಕಾಫಿ ಮೂಗಿಗೆ ಏರಿತು.

ಹಳೇ_ಮೇಷ್ಟ್ರು

ತಮ್ಮಾ, ನಿನ್ನ ಅನುವಾದದಲ್ಲಿ ತಪ್ಪೇ ಇಲ್ಲ. ಪದಕ್ಕೆ ಪದ ಸರಿಯಾಗಿದೆ. ತಮಾಷೆ ನೋಡು. ಹೊಟ್ಟೆಯ ಬೆಂಕಿ ಇಂಗ್ಲಿಷಿನಲ್ಲಿ ಛಲ. ಕನ್ನಡದಲ್ಲಿ ಅಸೂಯೆ. ಅದನ್ನೇ ಸಂಸ್ಕೃತದಲ್ಲಿ ಜಠರಾಗ್ನಿ ಅಂದರೆ ಬರೀ ಉಂಡದ್ದನ್ನು ಅರಗಿಸುವ ಶಕ್ತಿ. ಅದೇ ಹೊಟ್ಟೆ, ಅದೇ ಬೆಂಕಿ. ಒಬ್ಬನಿಗೆ ಪ್ರಮೋಷನ್, ಒಬ್ಬನಿಗೆ ನಿದ್ದೆ ಇಲ್ಲ, ಇನ್ನೊಬ್ಬನಿಗೆ ಹಸಿವು.

ನುಡಿಗಟ್ಟು ಅನ್ನುವ ಹೆಸರಲ್ಲೇ ‘ಕಟ್ಟು’ ಇದೆ. ಬಿಚ್ಚಿ ನೋಡಿದರೆ ಒಳಗೆ ಏನೂ ಸಿಗುವುದಿಲ್ಲ. ‘ಕಿಕ್ ದ ಬಕೆಟ್’ ಅಂದರೆ ಸತ್ತ ಅಂತ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಅನ್ನುವವನು ಮಾಡಿದ ಬೀದಿಮಾತಿನ ನಿಘಂಟಿನಲ್ಲೇ ಅದು ಇದೆ. ಬಕೆಟ್ ತೆಗೆದು ಪೇಲ್ ಅಂತ ಹಾಕು, ಅರ್ಥ ಅದೇ ಅಲ್ವಾ? ಆದರೆ ಆಗ ಮನುಷ್ಯ ಸಾಯುವುದಿಲ್ಲ, ಕಾಲಿಗೆ ಪೆಟ್ಟಾಗುತ್ತದೆ ಅಷ್ಟೇ. ನಮ್ಮಲ್ಲೂ ಹಾಗೇ. ತಲೆಗೆ ಟೋಪಿ ಹಾಕಿದರೆ ಮೋಸ, ಪೇಟ ತೊಡಿಸಿದರೆ ಸನ್ಮಾನ.

ನಾನು 32 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಪ್ರತಿ ವರ್ಷ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಬಾಯಿಪಾಠ ಮಾಡಿಸಿದ್ದೇನೆ. ಯಾವ ಹುಡುಗನಾದರೂ ಜೀವನದಲ್ಲಿ ಅದನ್ನು ಒಂದು ಸಲ ಬಳಸಿದನೋ ಇಲ್ಲವೋ ಗೊತ್ತಿಲ್ಲ.

ಮಲೆನಾಡ_ಜಿಗಣೆ

ಮೇಷ್ಟ್ರೇ, ನಾನು ಬಳಸಿದ್ದೇನೆ! ತೀರ್ಥಹಳ್ಳಿ ಕಡೆಯವನು ನಾನು. ಮೊದಲ ಸಲ ಕೆಲಸಕ್ಕೆ ಸೇರಿದಾಗ ಊರಿಂದ ಫೋನ್ ಮಾಡಿ ರಜೆ ಕೇಳಲು ಆ ಮಾತು ಹೇಳಿದೆ. ಆ ಕಡೆಯವರಿಗೆ ಏನು ಅನಿಸಿತೋ, ‘ಆರ್ ದ ಆನಿಮಲ್ಸ್ ಓಕೆ’ ಅಂದರು.

ನಿಜ ಹೇಳಬೇಕೆಂದರೆ ಜುಲೈನಲ್ಲಿ ಆಗುಂಬೆ ಘಾಟಿಯ ಮೇಲೆ ನಿಂತವರಿಗೆ ನಾಯಿ ಬೆಕ್ಕೆಲ್ಲ ಸಾಲುವುದಿಲ್ಲ. ಆಕಾಶಕ್ಕೆ ತೂತು ಬಿದ್ದ ಹಾಗೆ ಅನ್ನಬೇಕು. ಕುಂಭದ್ರೋಣ ಮಳೆ ಅನ್ನಬೇಕು.

ಅಂದ ಹಾಗೆ ಈ ಮಾತು ಹುಟ್ಟಿದ್ದು ಹೇಗೆ ಅಂತ ಎಲ್ಲೋ ಓದಿದ್ದೆ. ಇಂಗ್ಲೆಂಡಿನಲ್ಲಿ ಹಿಂದೆ ಹುಲ್ಲಿನ ಸೂರು. ಚಳಿಗೆ ನಾಯಿ ಬೆಕ್ಕು ಅದರಲ್ಲಿ ಮಲಗುತ್ತಿದ್ದವು. ಜೋರು ಮಳೆ ಬಂದರೆ ಜಾರಿ ಕೆಳಗೆ ಬೀಳುತ್ತಿದ್ದವು.

ಬರೀ_ಓದುಗ

ಆ ಸೂರಿನ ಕಥೆ ಸುಳ್ಳು. 1999ರಲ್ಲಿ ‘1500ರ ಕಾಲದ ಬದುಕು’ ಅಂತ ಒಂದು ಇಮೇಲ್ ಊರೆಲ್ಲ ಸುತ್ತಿತು. ಇವತ್ತಿನ ವಾಟ್ಸಾಪ್ ಫಾರ್ವರ್ಡಿನ ಅಜ್ಜ ಅದು. ಅದರಲ್ಲಿ ಬಂದ ಕಥೆ ಇದು. ಯೋಚಿಸಿ ನೋಡಿ, ಮಳೆ ಬರುವಾಗ ಯಾವ ನಾಯಿ ಸೂರಿನ ಮೇಲೆ ಹತ್ತಿ ಮಲಗುತ್ತದೆ?

ಇವತ್ತಿನ ರೂಪದಲ್ಲೇ ಈ ಮಾತು ಲೇಖಕ ಜೊನಾಥನ್ ಸ್ವಿಫ್ಟ್ 1738ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಿಗುತ್ತದೆ. ಅದಕ್ಕೂ ಮುಂಚೆ 1710ರಲ್ಲಿ ಆತ ಲಂಡನ್ ಮಳೆಯ ಬಗ್ಗೆ ಒಂದು ಪದ್ಯ ಬರೆದಿದ್ದ. ಅದರಲ್ಲಿ ಚರಂಡಿ ಉಕ್ಕಿ ಸತ್ತ ಬೆಕ್ಕು, ನಾಯಿಮರಿ ಎಲ್ಲ ಬೀದಿಯಲ್ಲಿ ತೇಲಿಕೊಂಡು ಬರುತ್ತವೆ. ಅಲ್ಲಿಂದಲೇ ಈ ಮಾತು ಹುಟ್ಟಿತು ಅಂತ ನಾನು ಹೇಳುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಒಂದು ಗಂಟೆ ಜೋರು ಮಳೆ ನೋಡಿದವರಿಗೆ ಆ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸಲಹೆ. ನುಡಿಗಟ್ಟಿನ ಹುಟ್ಟಿನ ಕಥೆ ತುಂಬಾ ಚೆನ್ನಾಗಿದ್ದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಶೆಫೀಲ್ಡ್_ಸಿಸ್ಟರ್

ನಾನು ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿಗೆ ಬಂದು 11 ವರ್ಷವಾಯಿತು. ಮಳೆ ಬಗ್ಗೆ ದಿನಾ ಮಾತಾಡುವ ಜನ ಇವರು. ನಾಯಿ ಬೆಕ್ಕಿನ ಮಾತು ನನ್ನ ಕಿವಿಗೆ ಬಿದ್ದದ್ದು ಒಂದೋ ಎರಡೋ ಸಲ. ಇಲ್ಲಿ ‘ಇಟ್ಸ್ ಚಕಿಂಗ್ ಇಟ್ ಡೌನ್’ ಅನ್ನುತ್ತಾರೆ. ನಾವು ಸ್ಕೂಲಿನಲ್ಲಿ ಉರು ಹೊಡೆದ ಅರ್ಧಕ್ಕರ್ಧ ನುಡಿಗಟ್ಟು ಇಲ್ಲಿನವರ ಬಾಯಲ್ಲೇ ಇಲ್ಲ. ಬಾಯಲ್ಲಿ ಇರುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ.

ನನ್ನ ಕಥೆ ಕೇಳಿ ಬೆಣ್ಣೆ ಅವರೇ, ನಿಮಗೆ ಸಮಾಧಾನವಾದೀತು. ಕೆಲಸಕ್ಕೆ ಸೇರಿದ ಮೊದಲ ವಾರ. ರಾತ್ರಿ ಪಾಳಿ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಗಂಟೆ ಒತ್ತಿ ಕರೆದರು. ಮೆಲ್ಲಗೆ, ‘ಐ ನೀಡ್ ಟು ಸ್ಪೆಂಡ್ ಎ ಪೆನ್ನಿ, ಲವ್’ ಅಂದರು. ಈ ಹೊತ್ತಿನಲ್ಲಿ ಏನು ಕೊಳ್ಳುತ್ತಾರೆ ಇವರು ಅಂದುಕೊಂಡೆ. ಅಂಗಡಿ ಮುಚ್ಚಿದೆ, ಬೆಳಿಗ್ಗೆ ತೆಗೆಯುತ್ತಾರೆ ಅಂದೆ. ಅಜ್ಜಿ ಕಣ್ಣು ದೊಡ್ಡದು ಮಾಡಿ, ಬೆಳಿಗ್ಗೆವರೆಗೆ ಆಗಲ್ಲ ಅಂದರು. ನಾನು ಮಂಚದ ಪಕ್ಕದ ಡ್ರಾಯರ್ ತೆಗೆದು ಅವರ ಪರ್ಸ್ ಹುಡುಕಿ ಕೈಗೆ ಕೊಟ್ಟೆ. ಅವರು ಪರ್ಸ್ ನೋಡಿದರು, ನನ್ನನ್ನು ನೋಡಿದರು. ಅಷ್ಟರಲ್ಲಿ ಪಕ್ಕದ ಮಂಚದ ಹೆಂಗಸು, ‘ಶಿ ವಾಂಟ್ಸ್ ದ ಲೂ!’ ಅಂತ ಕೂಗಿ ಪುಣ್ಯ ಕಟ್ಟಿಕೊಂಡರು.

1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ವಸ್ತುಪ್ರದರ್ಶನದಲ್ಲಿ ಜಾರ್ಜ್ ಜೆನ್ನಿಂಗ್ಸ್ ಅನ್ನುವ ಎಂಜಿನಿಯರ್ ಸಾರ್ವಜನಿಕ ಶೌಚಾಲಯ ಕಟ್ಟಿಸಿದ್ದ. ಒಂದು ಸಲಕ್ಕೆ ಒಂದು ಪೆನ್ನಿ. ಆಮೇಲೆ ಊರೂರಿನ ಶೌಚಾಲಯದ ಬಾಗಿಲಿಗೂ ಪೆನ್ನಿ ಹಾಕುವ ಬೀಗ ಬಂತು. ಬೀಗ ಹೋದರೂ ಹಳಬರ ಬಾಯಲ್ಲಿ ಮಾತು ಉಳಿದಿದೆ. ನಮ್ಮಲ್ಲಿ ‘ಒಂದಕ್ಕೆ ಹೋಗಬೇಕು’ ಅಂತ ಎಲ್ಲರೂ ಅನ್ನುತ್ತೇವೆ. ಎಷ್ಟಕ್ಕೆ ಒಂದು ಅಂತ ಯಾರಾದರೂ ಕೇಳುತ್ತಾರಾ?

ರಾಗಿಮುದ್ದೆ

ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ ಅಕ್ಕ. ಚಿಲ್ಲರೆ ಕೊಡಿ ಅಂತಾನೂ ಅಂತಾರೆ.

ಬಳ್ಳಾರಿ_ಬಿಸಿಲು

ನಾನು ಹೊಟ್ಟೆಯ ವಿಷಯಕ್ಕೇ ವಾಪಸ್ ಬರುತ್ತೇನೆ. ಮೇಷ್ಟ್ರು ಹೇಳಿದ್ದು ಓದಿದಾಗಿನಿಂದ ತಲೆ ಅಲ್ಲೇ ಓಡುತ್ತಿದೆ.

ನಮ್ಮ ಅಜ್ಜಿಗೆ ಯಾರಾದರೂ ಒಂದು ತಂಬಿಗೆ ನೀರು ಕೊಟ್ಟರೂ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂತ ಹರಸುತ್ತಿದ್ದಳು. ಹೊಟ್ಟೆ ತಣ್ಣಗಿರುವುದು ನಮಗೆ ಆಶೀರ್ವಾದ. ಮಕ್ಕಳು ಮರಿ ಚೆನ್ನಾಗಿರಲಿ, ಸಂಕಟ ಬಾರದಿರಲಿ ಅಂತ. ಮನೆಯಲ್ಲಿ ತೆಲುಗು ಮಾತಾಡುವ ಪಕ್ಕದವರು ‘ನೀ ಕಡುಪು ಚಲ್ಲಗಾ’ ಅನ್ನುತ್ತಾರೆ. ಅದೇ ಮಾತು. ಅವರಲ್ಲೂ ‘ಕಡುಪು ಮಂಟ’ ಅಂದರೆ ಹೊಟ್ಟೆ ಉರಿ.

ಹುಡುಕುತ್ತಾ ಹೋದರೆ ಎಲ್ಲ ಹೀಗೇ ಇವೆ. ಇಂಗ್ಲಿಷಿನವರಿಗೆ ಒಳ್ಳೆಯದೆಲ್ಲ ಬೆಚ್ಚಗೆ, ಕೆಟ್ಟದ್ದೆಲ್ಲ ತಣ್ಣಗೆ. ವಾರ್ಮ್ ವೆಲ್‌ಕಮ್. ಮಾತಾಡಿಸದೆ ಹೋದರೆ ಕೋಲ್ಡ್ ಶೋಲ್ಡರ್. ಹೆದರಿ ಹಿಂದೆ ಸರಿದರೆ ಕೋಲ್ಡ್ ಫೀಟ್. ಪರಿಚಯವಾಗಬೇಕಾದರೆ ಮೊದಲು ಐಸ್ ಒಡೆಯಬೇಕು. ನಮಗೆ? ಒಳ್ಳೆಯದು ನೋಡಿದರೆ ಕಣ್ಣು ತಂಪಾಗುತ್ತದೆ. ಉಪಕಾರ ಮಾಡಿದವರನ್ನು ತಂಪು ಹೊತ್ತಿನಲ್ಲಿ ನೆನೆಯಬೇಕು ಅನ್ನುತ್ತೇವೆ. ಬಿಸಿ ಅಂದರೆ ಕಷ್ಟ. ಅಧಿಕಾರಿಗೆ ಬಿಸಿ ಮುಟ್ಟಿಸಬೇಕು. ಮಂಗಳೂರಿನವರಿಗೆ ಚಿಂತೆ ಬಂದರೆ ತಲೆಬಿಸಿ.

ಏಪ್ರಿಲ್‌ನಲ್ಲಿ ನಮ್ಮೂರಿಗೆ ಬಂದು ಮಧ್ಯಾಹ್ನ ಒಂದು ಗಂಟೆಗೆ ಹೊರಗೆ ನಿಂತರೆ ಇದು ಯಾಕೆ ಅಂತ ಗೊತ್ತಾಗುತ್ತದೆ. ಯಾರಾದರೂ ಬೆಚ್ಚಗೆ ಸ್ವಾಗತಿಸಲು ಬಂದರೆ ಓಡಿ ಹೋಗುತ್ತೀರಿ.

ಶೆಫೀಲ್ಡ್_ಸಿಸ್ಟರ್

ಇಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆ ಸೂರ್ಯ ಮುಳುಗುತ್ತಾನೆ. ಡ್ಯೂಟಿ ಮುಗಿಸಿ ಬಂದಾಗ ಯಾರಾದರೂ ಹೊಟ್ಟೆ ತಣ್ಣಗಿರಲಿ ಅಂದರೆ ಶಾಪ ಹಾಕಿದರು ಅಂದುಕೊಳ್ಳುತ್ತೇನೆ.

ಇನ್ನೊಂದು. ಇಲ್ಲಿನ ಯಾರ್ಕ್‌ಶೈರ್ ಹಳಬರು ಬಾಗಿಲು ಹಾಕು ಅನ್ನುವುದಕ್ಕೆ ‘ಪುಟ್ ವುಡ್ ಇನ್ ದ ಹೋಲ್’ ಅನ್ನುತ್ತಾರೆ. ತೂತಿನಲ್ಲಿ ಮರ ಇಡು ಅಂತ. ಚಳಿಗಾಳಿ ಒಳಗೆ ನುಗ್ಗಿದಾಗ ಆ ಮಾತು ಬಹಳ ಚೆನ್ನಾಗಿ ಅರ್ಥವಾಗುತ್ತದೆ.

ಎಲೆಕ್ಟ್ರಾನಿಕ್_ಸಿಟಿ_ಬಸ್

ಬಳ್ಳಾರಿ ಅವರೇ, ಒಂದು ಆಕ್ಷೇಪ. ‘ಆಸೆಗೆ ತಣ್ಣೀರು ಎರಚಿದರು’ ಅನ್ನುತ್ತೇವಲ್ಲ? ಅಲ್ಲಿ ತಣ್ಣಗಿರುವುದು ಕೆಟ್ಟದ್ದಾಯಿತು.

ಬಳ್ಳಾರಿ_ಬಿಸಿಲು

ಅದೂ ನಿಜ. ಅಲ್ಲಿ ಉರಿಯುತ್ತಿದ್ದದ್ದು ಒಲೆ ಅಂದುಕೊಳ್ಳಿ, ಹೊಟ್ಟೆ ಅಲ್ಲ. ನನ್ನ ವಾದಕ್ಕೆ ತಣ್ಣೀರು ಬಿತ್ತು, ಇರಲಿ.

ಧಾರವಾಡ_ಪೇಢಾ

ಬೆಣ್ಣೆಯವರೇ, ಅರ್ಥ ಗೊತ್ತಿಲ್ಲದ ನುಡಿಗಟ್ಟಿಗೆ ಹೆದರಬೇಡ್ರಿ. ಗೊತ್ತಿಲ್ಲ ಅಂತ ಗೊತ್ತಿರುತ್ತದೆ, ಕೇಳಿ ತಿಳಿದುಕೊಳ್ಳುತ್ತೀರಿ. ನಮ್ಮಲ್ಲೂ ಅದೇ ಪದ ಇದ್ದು ಅರ್ಥ ತಿರುವಿಕೊಂಡಿರುತ್ತವಲ್ಲ, ಅವು ಅಪಾಯ. ನಿಮ್ಮನ್ನು ಕೆಡವಿದ್ದು ಅಂಥದ್ದೇ.

ಕೈಯನ್ನೇ ತಗೊಳ್ರಿ. ಇಂಗ್ಲಿಷಿನಲ್ಲಿ ‘ಹಿ ಗೇವ್ ಮಿ ಎ ಹ್ಯಾಂಡ್’ ಅಂದರೆ ಸಹಾಯ ಮಾಡಿದ. ಕನ್ನಡದಲ್ಲಿ ‘ಅವನು ನನಗೆ ಕೈ ಕೊಟ್ಟ’ ಅಂದರೆ ನಡುನೀರಿನಲ್ಲಿ ಬಿಟ್ಟುಹೋದ. ಪೂರಾ ಉಲ್ಟಾ. ‘ವಾಷ್ ಒನ್ಸ್ ಹ್ಯಾಂಡ್ಸ್ ಆಫ್ ಇಟ್’ ಅಂದರೆ ನನಗೂ ಇದಕ್ಕೂ ಸಂಬಂಧ ಇಲ್ಲ ಅನ್ನುವುದು. ಬೈಬಲ್ಲಿನಲ್ಲಿ ಯೇಸುವಿನ ವಿಚಾರಣೆ ಮಾಡಿದ ರೋಮನ್ ಅಧಿಕಾರಿ ಪಿಲಾತ ಜನರ ಮುಂದೆ ಕೈ ತೊಳೆದುಕೊಂಡದ್ದು ಅದರ ಹಿಂದಿದೆ. ನಮ್ಮಲ್ಲಿ ‘ಕೈ ತೊಳೆದುಕೊಂಡು ಹಿಂದೆ ಬಿದ್ದಿದ್ದಾನೆ’ ಅಂದರೆ ಬಿಡುವ ಮಾತೇ ಇಲ್ಲ ಅಂತ. ಅವರು ಕೈ ತೊಳೆದು ಎದ್ದು ಹೋಗುತ್ತಾರೆ, ನಾವು ತೊಳೆದುಕೊಂಡು ಊಟಕ್ಕೆ ಕೂಡುತ್ತೇವೆ. ಹಾಗಂತ ‘ಇದ್ದ ಹೊಲಕ್ಕೂ ಕೈ ತೊಳೆದುಕೊಂಡ’ ಅಂದರೆ ಕಳೆದುಕೊಂಡ ಅಂತಲೂ ಆಗುತ್ತದೆ. ನಾವೂ ಏನು ಸರಳ ಅಲ್ಲ ಬಿಡ್ರಿ.

ಇನ್ನು ಉಪ್ಪು. ‘ಟೇಕ್ ಇಟ್ ವಿತ್ ಎ ಪಿಂಚ್ ಆಫ್ ಸಾಲ್ಟ್’ ಅಂದರೆ ಪೂರ್ತಿ ನಂಬಬೇಡ. ಅಲ್ಲಿ ಉಪ್ಪು ಹಾಕುವವನು ಕೇಳುವವನು. ನಮ್ಮಲ್ಲಿ ‘ಉಪ್ಪು ಖಾರ ಹಚ್ಚಿ ಹೇಳಿದ’ ಅಂದರೆ ಹೇಳುವವನೇ ಹಾಕಿ ಬಡಿಸಿರುತ್ತಾನೆ. ನಮ್ಮ ಓಣಿಯಲ್ಲಿ ಸುದ್ದಿ ಬರುವಷ್ಟರಲ್ಲಿ ಉಪ್ಪೂ ಸರಿಯಿರುತ್ತದೆ, ಖಾರವೂ ಸರಿಯಿರುತ್ತದೆ. ಕೇಳುವವರಿಗೆ ಕೆಲಸವೇ ಇಲ್ಲ.

ಉರಿಯುವ ಬೆಂಕಿಗೆ ಅವರು ‘ಫ್ಯುಯೆಲ್’ ಹಾಕುತ್ತಾರೆ. ನಾವು ತುಪ್ಪ ಸುರಿಯುತ್ತೇವೆ. ಜಗಳದಲ್ಲೂ ನಮ್ಮದು ದೊಡ್ಡ ಖರ್ಚು!

ಫೈಲ್_ಗುಮಾಸ್ತ

ಸರ್ಕಾರಿ ಕಚೇರಿಯಲ್ಲಿ ಇದ್ದು ನಿವೃತ್ತನಾದವನು ನಾನು. ಕೆಲವು ನುಡಿಗಟ್ಟು ನಾನು ಕೈಯಲ್ಲಿ ಮುಟ್ಟಿದ್ದೇನೆ. ‘ರೆಡ್ ಟೇಪ್’ ನೋಡಿ. ಪೈಜಾಮದ ಲಾಡಿ ತರಹದ ಕೆಂಪು ಪಟ್ಟಿ. ಫೈಲಿಗೆ ಸುತ್ತಿ ಕಟ್ಟುತ್ತಿದ್ದೆವು. ಇಂಗ್ಲೆಂಡಿನಲ್ಲಿ ವಕೀಲರ ಕಾಗದಗಳನ್ನು ಹಾಗೆ ಕಟ್ಟುವ ರೂಢಿ ಇತ್ತು, ಅಲ್ಲಿಂದ ನಮ್ಮ ಕಚೇರಿಗೂ ಬಂತು. ಗಂಟು ಗಟ್ಟಿಯಾದರೆ ಹಲ್ಲಿನಲ್ಲಿ ಬಿಚ್ಚಬೇಕು. ಈಗ ಎಲ್ಲ ಕಂಪ್ಯೂಟರಿನಲ್ಲಿ. ಪಟ್ಟಿ ಹೋಯಿತು, ಕಚೇರಿಯ ವಿಳಂಬಕ್ಕೆ ಪೇಪರಿನಲ್ಲಿ ‘ಕೆಂಪುಪಟ್ಟಿ’ ಅನ್ನುವ ಬೈಗುಳ ಉಳಿಯಿತು.

‘ಡು ದ ನೀಡ್‌ಫುಲ್’ ಅಂತ ಬರೆದರೆ ಈಗಿನ ಹುಡುಗರು ನಗುತ್ತಾರೆ. ಅದು ನಾವು ಹುಟ್ಟಿಸಿದ್ದಲ್ಲ ಸ್ವಾಮಿ. ಹಿಂದೆ ಇಂಗ್ಲೆಂಡಿನವರೇ ಬರೆಯುತ್ತಿದ್ದ ಮಾತು. ಅವರು ಬಿಟ್ಟರು, ನಾವು ಇಟ್ಟುಕೊಂಡೆವು. ಕನ್ನಡ ಪತ್ರದಲ್ಲಿ ‘ಮುಂದಿನ ಸೂಕ್ತ ಕ್ರಮಕ್ಕಾಗಿ’ ಅಂತ ನಾನು ಎಷ್ಟು ಸಾವಿರ ಸಲ ಬರೆದಿದ್ದೇನೋ. ಸೂಕ್ತ ಕ್ರಮ ಏನು ಅಂತ ಬರೆದವನಿಗೂ ಗೊತ್ತಿರುವುದಿಲ್ಲ, ಓದಿದವನಿಗೂ ಗೊತ್ತಿರುವುದಿಲ್ಲ. ಅದೇ ಅದರ ಸೊಗಸು.

ಅಮೆರಿಕದವರ ಜೊತೆ ಕೆಲಸ ಮಾಡುವವರು ಒಂದು ಮಾತು ನೆನಪಿಡಿ. ‘ಟೇಬಲ್’ ಮಾಡುವುದು ಅಂದರೆ ನಮ್ಮ ವಿಧಾನಸಭೆಯಲ್ಲೂ ಬ್ರಿಟನ್ನಿನಲ್ಲೂ ಸಭೆಯ ಮುಂದೆ ಇಡುವುದು. ಅಮೆರಿಕದಲ್ಲಿ ಸದ್ಯಕ್ಕೆ ಪಕ್ಕಕ್ಕೆ ಇಡುವುದು. ಎರಡನೇ ಮಹಾಯುದ್ಧದ ನಡುವೆ ಇದೇ ಪದದಿಂದ ಎರಡೂ ದೇಶದವರು ಬಹಳ ಹೊತ್ತು ವಾದ ಮಾಡಿದರು ಅಂತ ಚರ್ಚಿಲ್ ಬರೆದಿದ್ದಾರೆ. ಆಮೇಲೆ ನೋಡಿದರೆ ಇಬ್ಬರೂ ಹೇಳುತ್ತಿದ್ದದ್ದು ಒಂದೇ.

ರಾಗಿಮುದ್ದೆ

ನನ್ನದೊಂದು ನೆಚ್ಚಿನದು. ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’. ಬಿಸಿಲಿದ್ದಾಗ ಹುಲ್ಲು ಒಣಗಿಸಿಕೋ. ಸ್ಕೂಲಿನಲ್ಲಿ ಓದುವಾಗ ನನಗೆ ಇದು ಹತ್ತಲೇ ಇಲ್ಲ. ನಮ್ಮೂರಲ್ಲಿ ಬಿಸಿಲಿಗೇನು ಬರ? ಕೋಲಾರದ ಕಡೆ ಬಿಸಿಲು ಕೇಳಿದಷ್ಟು ಸಿಗುತ್ತದೆ. ಯಾವಾಗ ಬೇಕಾದರೂ ಒಣಗಿಸಬಹುದು ಅನ್ನಿಸುತ್ತಿತ್ತು.

ಆಮೇಲೆ ಒಂದು ದಿನ ಕಣದಲ್ಲಿ ಹೊಳೆಯಿತು. ರಾಗಿ ತುಳಿಸಿ ರಾಶಿ ಹಾಕಿದ್ದೆವು. ತೂರಬೇಕು. ತಾತ ಎತ್ತರಕ್ಕೆ ಹತ್ತಿ ಮೊರ ಹಿಡಿದು ನಿಂತಿದ್ದಾನೆ. ಗಾಳಿ ಇಲ್ಲ. ಒಂದು ಎಲೆ ಅಲ್ಲಾಡುತ್ತಿಲ್ಲ. ಅಮ್ಮ, ದೊಡ್ಡಮ್ಮ, ನಾವು ಹುಡುಗರು ಎಲ್ಲ ಬ್ಯಾಸರದಿಂದ ಕೂತಿದ್ದೇವೆ. ತಾತ ಚೂರು ಮಣ್ಣು ತೆಗೆದು ಬಿಡುತ್ತಾನೆ, ಅದು ನೇರ ಕಾಲ ಬುಡಕ್ಕೆ ಬೀಳುತ್ತದೆ. ಮೂರು ಗಂಟೆ ಹೊತ್ತಿಗೆ ಪಡುವಲಿಂದ ಸುಳಿ ಎದ್ದಿತು. ‘ಎದ್ದೇಳ್ರೋ’ ಅಂತ ಒಂದೇ ಕೂಗು. ಆಮೇಲೆ ಕತ್ತಲಾಗುವವರೆಗೆ ಯಾರೂ ನೀರು ಕುಡಿಯಲೂ ಕೂರಲಿಲ್ಲ. ಕಾಳು ಇಲ್ಲಿ, ಹೊಟ್ಟು ಅಲ್ಲಿ. ಕಣ್ಣು ಮೂಗಿನ ತುಂಬಾ ಧೂಳು.

‘ಗಾಳಿ ಬಂದಾಗ ತೂರಿಕೋ’. ಅದೇ ಮಾತು. ಅವರಿಗೆ ಯಾವಾಗ ಮಳೆ ಬಂದು ಹುಲ್ಲು ಕೊಳೆಯುತ್ತದೋ ಅನ್ನುವ ಭಯ, ಹಾಗಾಗಿ ಬಿಸಿಲಿಗೆ ಕಾಯುತ್ತಾರೆ. ನಮಗೆ ಬಿಸಿಲು ಬಿಟ್ಟಿ, ಗಾಳಿಗೆ ಕಾಯುತ್ತೇವೆ. ಯಾವುದು ಕಡಿಮೆಯೋ ಅದರ ಮೇಲೆ ಗಾದೆ.

ಹಳೇ_ಮೇಷ್ಟ್ರು

ಭೇಷ್. ಇದನ್ನು 32 ವರ್ಷದಲ್ಲಿ ನಾನು ಒಂದು ಸಲವೂ ಹೀಗೆ ಹೇಳಿಕೊಟ್ಟಿರಲಿಲ್ಲ.

ಬರೀ_ಓದುಗ

ಹುಟ್ಟಿನ ಕಥೆ ನಂಬಬೇಡಿ ಅಂದೆನಲ್ಲ, ನಂಬಬಹುದಾದ ಒಂದು ಇದೆ. ‘ಹಾಬ್ಸನ್ಸ್ ಚಾಯ್ಸ್’. ಥಾಮಸ್ ಹಾಬ್ಸನ್ ನಿಜವಾದ ಮನುಷ್ಯ. ಕೇಂಬ್ರಿಡ್ಜ್ ಊರಿನವನು, ಲಂಡನ್ನಿಗೆ ಸರಕು ಸಾಗಿಸುತ್ತಿದ್ದ, 1631ರಲ್ಲಿ ತೀರಿಕೊಂಡ. ಕುದುರೆಗಳನ್ನೂ ಬಾಡಿಗೆಗೆ ಕೊಡುತ್ತಿದ್ದ. ಯೂನಿವರ್ಸಿಟಿ ಹುಡುಗರು ಬಂದರೆ ಜೋರಾಗಿ ಓಡುವ ಒಂದೆರಡು ಕುದುರೆಯನ್ನೇ ಕೇಳುತ್ತಿದ್ದರು. ಅವು ಸೊರಗಿ ಹೋದವು. ಅದಕ್ಕೆ ಆತ ಒಂದು ನಿಯಮ ಮಾಡಿದ. ಬಾಗಿಲ ಹತ್ತಿರ ಯಾವ ಕುದುರೆ ನಿಂತಿದೆಯೋ ಅದನ್ನೇ ತಗೋ. ಇಲ್ಲಾಂದರೆ ನಡೆದುಕೊಂಡು ಹೋಗು. ಓಡಿ ಬಂದ ಕುದುರೆ ಸಾಲಿನ ಕೊನೆಗೆ ಹೋಗುತ್ತಿತ್ತು.

ಹಾಗಾಗಿ ಇದರ ಅರ್ಥ ಎರಡು ಕಷ್ಟದ ನಡುವೆ ಸಿಕ್ಕಿಕೊಳ್ಳುವುದು ಅಲ್ಲ. ಅದಕ್ಕೆ ನಮ್ಮಲ್ಲಿ ‘ಅತ್ತ ದರಿ ಇತ್ತ ಪುಲಿ’ ಇದೆ. ಇದು ‘ಉಂಡರೆ ಉಣ್ಣು, ಬಿಟ್ಟರೆ ಬಿಡು’. ಹಾಸ್ಟೆಲ್ ಮೆಸ್ಸಿನಲ್ಲಿ ಊಟ ಮಾಡಿದವರಿಗೆ ಚೆನ್ನಾಗಿ ಗೊತ್ತು.

‘ಟರ್ನ್ ಎ ಬ್ಲೈಂಡ್ ಐ’ ಹಿಂದೆ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ನೆಲ್ಸನ್ ಇದ್ದಾನೆ ಅನ್ನುತ್ತಾರೆ. 1794ರಲ್ಲಿ ಕಾರ್ಸಿಕಾ ದ್ವೀಪದ ಯುದ್ಧದಲ್ಲಿ ಅವನ ಬಲಗಣ್ಣು ಹೋಯಿತು. 1801ರಲ್ಲಿ ಕೋಪನ್‌ಹೇಗನ್ ಮುಂದೆ ಹಡಗುಗಳ ಕಾಳಗ. ಮೇಲಧಿಕಾರಿ ಹಿಂದೆ ಬಾ ಅಂತ ಬಾವುಟದ ಸನ್ನೆ ಮಾಡಿದ. ನೆಲ್ಸನ್ ದುರ್ಬೀನನ್ನು ಕಾಣದ ಕಣ್ಣಿಗೆ ಹಿಡಿದು, ನನಗೆ ಯಾವ ಸನ್ನೆಯೂ ಕಾಣುತ್ತಿಲ್ಲ ಅಂದನಂತೆ. ಕಥೆಗೆ ಉಪ್ಪು ಖಾರ ಹತ್ತಿರಬಹುದು, ಪೇಢಾ ಅವರು ಹೇಳಿದ ಹಾಗೆ. ಆದರೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಮಾತಿದೆ. ಎರಡೇ ಪದ. ಜಾಣ ಕುರುಡು.

ನಮ್ಮ ಕಡೆಯಿಂದ ಅಲ್ಲಿಗೆ ಹೋದವೂ ಇವೆ. ಯಾರಿಗಾದರೂ ತಲೆ ಕೆಟ್ಟಿತು ಅನ್ನಲು ಬ್ರಿಟಿಷರು ‘ಡೂಲಾಲಿ’ ಅನ್ನುತ್ತಾರೆ. ಅದು ನಾಶಿಕದ ಹತ್ತಿರದ ದೇವಲಾಲಿ. ಊರಿಗೆ ವಾಪಸ್ ಹೋಗುವ ಸಿಪಾಯಿಗಳು ಅಲ್ಲಿನ ಶಿಬಿರದಲ್ಲಿ ಹಡಗಿಗೆ ತಿಂಗಳುಗಟ್ಟಲೆ ಕಾಯುತ್ತಿದ್ದರು. ಬಿಸಿಲು, ಬ್ಯಾಸರ, ಜ್ವರ. ಮೊದಲು ‘ಡೂಲಾಲಿ ಟ್ಯಾಪ್’ ಅನ್ನುತ್ತಿದ್ದರು. ಟ್ಯಾಪ್ ಅಂದರೆ ನಲ್ಲಿ ಅಲ್ಲ, ಜ್ವರ. ನಮ್ಮ ತಾಪ.

ಮಲೆನಾಡ_ಜಿಗಣೆ

ಇದ್ದದ್ದೆಲ್ಲ, ಪೂರ್ತಿ ಅನ್ನಲು ಹೇಳುವ ‘ದ ಹೋಲ್ ನೈನ್ ಯಾರ್ಡ್ಸ್’ ನಮ್ಮ ಒಂಬತ್ತು ಗಜದ ಸೀರೆಯಿಂದ ಬಂತು ಅಂತ ಒಬ್ಬರು ಹೇಳಿದ್ದರು. ಇದಾದರೂ ನಿಜವಾ?

ಬರೀ_ಓದುಗ

ಅದೂ ಚೆನ್ನಾಗಿದೆ, ಆದ್ದರಿಂದ ಸುಳ್ಳು. ಅಮೆರಿಕದ ಕೆಂಟಕಿ ರಾಜ್ಯದ ಪತ್ರಿಕೆಯಲ್ಲಿ 1912ರಲ್ಲಿ ಇದೇ ಅರ್ಥಕ್ಕೆ ‘ಹೋಲ್ ಸಿಕ್ಸ್ ಯಾರ್ಡ್ಸ್’ ಅಂತ ಬಂದಿದೆ. ಅವರಿಗೆ ಲೆಕ್ಕ ಮುಖ್ಯವಾಗಿರಲಿಲ್ಲ, ಪೂರ್ತಿ ಅನ್ನುವುದು ಮುಖ್ಯ.

ಧಾರವಾಡ_ಪೇಢಾ

ಆರು ಗಜ ಅಂದರೂ ಸೀರೆನೇ ಅಲ್ಲೇನ್ರಿ!

ಎಲೆಕ್ಟ್ರಾನಿಕ್_ಸಿಟಿ_ಬಸ್

ಕಥೆ ಎಲ್ಲ ಚೆನ್ನಾಗಿವೆ. ಆದರೆ ಬೆಣ್ಣೆ ನಾಳೆ ಬೆಳಿಗ್ಗೆ ಆಫೀಸಿಗೆ ಹೋಗಬೇಕು. ಅವನ ಕಿವಿಗೆ ಹಾಬ್ಸನ್ ಬೀಳುವುದಿಲ್ಲ. ಬೀಳುವುದನ್ನು ನಾನು ಹೇಳುತ್ತೇನೆ.

‘ಬ್ಯಾಂಡ್‌ವಿಡ್ತ್ ಇಲ್ಲ’ ಅಂದರೆ ಪುರುಸೊತ್ತಿಲ್ಲ. ‘ಲೋ ಹ್ಯಾಂಗಿಂಗ್ ಫ್ರೂಟ್’ ಅಂದರೆ ಕೈಗೆ ಎಟಕುವ ಕೆಲಸ ಮೊದಲು ಮುಗಿಸು. ‘ಡೋಂಟ್ ಬಾಯ್ಲ್ ದ ಓಷನ್’, ಸಮುದ್ರ ಕುದಿಸಲು ಹೋಗಬೇಡ, ಬೇಕಾದಷ್ಟು ಮಾಡು. ‘ಟೇಕ್ ಇಟ್ ಆಫ್‌ಲೈನ್’ ಅಂದರೆ ಎಲ್ಲರ ಮುಂದೆ ಬೇಡ, ಆಮೇಲೆ ಬಾ. ಎಲ್ಲರ ಮುಂದೆ ಆಗಿದ್ದರೆ ಬೈಯುತ್ತಿದ್ದರು ಅಂತಲೂ ಇರಬಹುದು. ‘ಥ್ರೋ ಸಮ್‌ವನ್ ಅಂಡರ್ ದ ಬಸ್’ ಅಂದರೆ ತಾನು ಬಚಾವಾಗಲು ಇನ್ನೊಬ್ಬನನ್ನು ಸಿಕ್ಕಿಹಾಕಿಸುವುದು. ನನ್ನ ಹೆಸರು ನೋಡಿ ಹೆದರಬೇಡ. ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್’ ಕೇಳಿಸಿದರೆ ಗಟ್ಟಿಯಾಗಿ ಕೂತುಕೋ, ಮರ್ಯಾದೆ ಅಲ್ಲಿಗೆ ಮುಗಿಯಿತು.

‘ಲೆಟ್ಸ್ ಸರ್ಕಲ್ ಬ್ಯಾಕ್’ ಒಂದು ಬಹಳ ದಿನ ನನ್ನನ್ನು ಕಾಡಿತು. ಮತ್ತೆ ಮಾತಾಡೋಣ ಅಂತ ಅರ್ಥ. ನಾನು ಪಾಪದವನು, ಪ್ರತಿ ಸೋಮವಾರ ಹೋಗಿ ನೆನಪು ಮಾಡುತ್ತಿದ್ದೆ. ಆಮೇಲೆ ಗೊತ್ತಾಯಿತು, ಅದು ನಮ್ಮ ‘ನೋಡೋಣ’. ಅಪ್ಪನ ಹತ್ತಿರ ಸೈಕಲ್ ಕೇಳಿದಾಗ ನೋಡೋಣ ಅಂದರೆ ಏನು ಅಂತ ಯಾವ ಮಗುವಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಶೆಫೀಲ್ಡ್_ಸಿಸ್ಟರ್

ಇಲ್ಲಿ ‘ಐ ವಿಲ್ ಬೇರ್ ಇಟ್ ಇನ್ ಮೈಂಡ್’ ಅಂದರೂ ಅದೇ. ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ ಅಂತ ಹೇಳಿ ಅಲ್ಲೇ ಮರೆಯುತ್ತಾರೆ.

ಖಾರದಪುಡಿ

ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ? ನೇರವಾಗಿ ಮಾತಾಡಿದರೆ ಆಯಿತು. ನುಡಿಗಟ್ಟು ಗೊತ್ತಿಲ್ಲದವನು ದಡ್ಡ ಅಂತ ನಾವೇ ಒಪ್ಪಿಕೊಂಡ ಹಾಗೆ ಆಗುತ್ತಿದೆ. ಅವರಲ್ಲಿ ಯಾರಿಗೆ ‘ಗಾಳಿ ಬಂದಾಗ ತೂರಿಕೋ’ ಗೊತ್ತು?

ಹಳೇ_ಮೇಷ್ಟ್ರು

ಮಾತಾಡುವಾಗ ನೇರವಾಗಿ ಮಾತಾಡಲಿ, ನಾನೂ ಅದನ್ನೇ ಹೇಳುತ್ತೇನೆ. ಅರ್ಧ ನೆನಪಿರುವ ನುಡಿಗಟ್ಟು ಬಳಸಿ ಬೀಳುವುದಕ್ಕಿಂತ ಅದೇ ಒಳ್ಳೆಯದು. ಆದರೆ ಕೇಳಿಸಿಕೊಳ್ಳುವಾಗ ಏನು ಮಾಡುತ್ತೀರಿ? ಮ್ಯಾನೇಜರ್ ಬಾಯಿ ನಮ್ಮ ಕೈಯಲ್ಲಿ ಇಲ್ಲವಲ್ಲ.

ಬೆಣ್ಣೆ, ನಿನಗೆ ಪಟ್ಟಿ ಬೇಡ. ಪ್ರಾಣಿ ಪಕ್ಷಿಯ ನುಡಿಗಟ್ಟು ಬಿಟ್ಟು ಸಣ್ಣ ಕ್ರಿಯಾಪದಗಳನ್ನು ಹಿಡಿ. ಪುಟ್ ಆಫ್ ಅಂದರೆ ಮುಂದೂಡು. ಪುಟ್ ಅಪ್ ವಿತ್ ಅಂದರೆ ಸಹಿಸಿಕೋ. ಕಾಲ್ ಆಫ್ ಅಂದರೆ ರದ್ದು ಮಾಡು. ಕಾಲ್ ಆನ್ ಅಂದರೆ ಹೋಗಿ ಕಂಡು ಬಾ. ಇಂಗ್ಲಿಷ್ ಮಾತಿನ ಮುಕ್ಕಾಲು ಕಟ್ಟು ಇಲ್ಲೇ ಇದೆ. ನಾವು ಇದನ್ನು ಸರಿಯಾಗಿ ಕಲಿಸಲೇ ಇಲ್ಲ. ಪರೀಕ್ಷೆಗೆ ಬರುತ್ತದೆ ಅಂತ ನಾಯಿ ಬೆಕ್ಕು ಕಲಿಸಿದೆವು.

ಅರ್ಥವಾಗದಿದ್ದಾಗ ‘ಡು ಯು ಮೀನ್’ ಅಂತ ಶುರು ಮಾಡಿ ನಿನಗೆ ತಿಳಿದದ್ದನ್ನು ಸರಳವಾಗಿ ವಾಪಸ್ ಹೇಳು. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಮೊದಲೇ ಥ್ಯಾಂಕ್ಯೂ ಹೇಳಬೇಡ.

ದಾವಣಗೆರೆ_ಬೆಣ್ಣೆ (ಶುಕ್ರವಾರ ಸಂಜೆ 7:15)

ಎಲ್ಲರಿಗೂ ಥ್ಯಾಂಕ್ಸ್. ಈ ಸಲ ಅರ್ಥ ತಿಳಿದೇ ಹೇಳುತ್ತಿದ್ದೇನೆ.

ಇವತ್ತು ಮ್ಯಾನೇಜರ್ ಹತ್ತಿರ ನಾನೇ ಹೋದೆ. ಸರ್, ಅವತ್ತು ನಾನು ಯಾಕೆ ಥ್ಯಾಂಕ್ಯೂ ಅಂದೆ ಗೊತ್ತಾ ಅಂತ ಶುರು ಮಾಡಿ, ನಮ್ಮಲ್ಲಿ ಹೊಟ್ಟೆಕಿಚ್ಚು ಅಂದರೆ ಅಸೂಯೆ ಅಂತ ಬಿಡಿಸಿ ಹೇಳಿದೆ. ಅವರು ಕುರ್ಚಿಗೆ ಒರಗಿ ಒಂದು ನಿಮಿಷ ಸುಮ್ನೆ ಇದ್ದರು. ಆಮೇಲೆ ‘ವಯಿತ್ತೆರಿಚ್ಚಲ್!’ ಅಂದರು. ಅವರು ಮಧುರೈನವರು. ತಮಿಳಿನಲ್ಲೂ ಅದೇ ಅಂತೆ, ಹೊಟ್ಟೆ ಉರಿ. ಇಷ್ಟು ವರ್ಷ ಎಲ್ಲ ರಿವ್ಯೂನಲ್ಲೂ ಆ ಮಾತು ಹೇಳಿಕೊಂಡು ಬಂದಿದ್ದಾರೆ, ಒಂದು ದಿನವೂ ಹೊಳೆದಿರಲಿಲ್ಲವಂತೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಧೈರ್ಯ ಬಂತು. ಅವತ್ತು ಲ್ಯಾಪ್‌ಟಾಪ್‌ನಲ್ಲಿ ಏನು ಬರೆದುಕೊಂಡಿರಿ ಸರ್ ಅಂತ ಕೇಳಿದೆ. ತಿರುಗಿಸಿ ತೋರಿಸಿದರು. ‘ಟೇಕ್ಸ್ ಫೀಡ್‌ಬ್ಯಾಕ್ ವೆರಿ ವೆಲ್.’

ಹಳೇ_ಮೇಷ್ಟ್ರು

ಸಂತೋಷ ತಮ್ಮಾ. ಇನ್‌ಕ್ರಿಮೆಂಟ್ ಎಷ್ಟು ಬಂತು?

ದಾವಣಗೆರೆ_ಬೆಣ್ಣೆ

ಬಂತು ಮೇಷ್ಟ್ರೇ. ಪಕ್ಕದ ಸೀಟಿನವನಿಗೆ ಎಷ್ಟು ಅಂತ ಆಮೇಲೆ ಗೊತ್ತಾಯಿತು. ಈಗ ಇದೆ, ಫೈರ್ ಇನ್ ದ ಬೆಲ್ಲಿ. ಕನ್ನಡದ್ದು.